ಒಂದೇ ಮಾತ್ರೆ

ನಮ್ಮ ಮನೆಯಲ್ಲಿ ನಾನು ಇದುವರೆಗೆ ಗೆದ್ದಿರುವುದು ಒಂದೇ ವಾದ. ಗೆದ್ದ ಮೂರನೆಯ ದಿನ ಅಮ್ಮ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದಳು. ಇವೆರಡಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ವಾದಿಸುವುದಾದರೆ ಕೇಳಲು ಸಿದ್ಧಳಿದ್ದೇನೆ. ನಾನೇ ಪ್ರಯತ್ನಿಸಿ ನೋಡಿದೆ, ನಿಲ್ಲಲಿಲ್ಲ.

ಕಾಲೇಜಿನ ದಿನಗಳನ್ನು ನಾನು ಓದಿಗಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಲ್ಲಿ ಕಳೆದೆ. ವಿಷಯದ ಪರವಾಗಿ ಮಾತಾಡಬೇಕೋ ವಿರೋಧವಾಗಿಯೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಯಾವ ಚೀಟಿ ಬಂದರೂ ನನಗೆ ಅಡ್ಡಿಯಿರಲಿಲ್ಲ. ಮನೆಯಲ್ಲಿ ಮಾತ್ರ ಚೀಟಿ ಎತ್ತುವ ಪದ್ಧತಿ ಇಲ್ಲ. ಅಲ್ಲಿ ನನ್ನದು ಖಾಯಂ ವಿರೋಧ. ವಿಷಯವೂ ಖಾಯಂ: ಅಪ್ಪ ಅಮ್ಮ ಯಾವುದನ್ನೂ ಎಸೆಯುವುದಿಲ್ಲ, ಯಾವುದನ್ನೂ ಪೂರ್ತಿ ಬಳಸುವುದಿಲ್ಲ.

ನಮ್ಮದು ಜಕ್ಕೂರಿನ ಹಳೇ ಊರೊಳಗಿನ ಮನೆ. ತಾತನ ಕಾಲದಲ್ಲಿ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಮೂರು ಅಂತಸ್ತು ಎದ್ದಿದೆ. ಮೇಲಿನ ಎರಡರಲ್ಲಿ ಬಾಡಿಗೆಯವರಿದ್ದಾರೆ, ಅವರಿಗೆ ಕಾರಿದೆ. ಕೆಳಗೆ ಮಾಲೀಕರಾದ ನಾವಿದ್ದೇವೆ, ನಮ್ಮಲ್ಲಿ ಉದ್ದಕ್ಕೆ ಸೀಳಿದ ಟೂತ್‌ಪೇಸ್ಟ್ ಟ್ಯೂಬಿದೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಅಮ್ಮ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯವಳು. ಇಬ್ಬರೂ ಚಿಕ್ಕವರಿದ್ದಾಗ ರಾತ್ರಿಯ ಊಟಕ್ಕೆ ರಾಗಿ ಅಂಬಲಿ ಇದ್ದ ದಿನ ಇತ್ತು, ಇಲ್ಲದ ದಿನ ಬೇಗ ಮಲಗುತ್ತಿದ್ದರು. ಇದನ್ನು ಅವರು ದುಃಖದಿಂದ ಹೇಳುವುದಿಲ್ಲ. ಬಸ್ಸಿನ ವೇಳಾಪಟ್ಟಿ ಹೇಳುವ ಹಾಗೆ ಹೇಳುತ್ತಾರೆ.

ಆ ಕಷ್ಟ ಮುಗಿದು ಮೂವತ್ತು ವರ್ಷವಾದರೂ ಆಗಿದೆ, ಆದರೆ ನಮ್ಮ ಮನೆಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂಬುದು ನನ್ನ ವಾದವಾಗಿತ್ತು. ಹಾಲಿನ ಪ್ಯಾಕೆಟ್ಟನ್ನು ಪಾತ್ರೆಗೆ ಸುರಿದ ಮೇಲೆ ಅಮ್ಮ ಅದಕ್ಕೆ ಸ್ವಲ್ಪ ನೀರು ಹಾಕಿ, ಕುಲುಕಿ, ಆ ನೀರನ್ನೂ ಹಾಲಿಗೆ ಸೇರಿಸುತ್ತಾಳೆ. ಪ್ಯಾಕೆಟ್ಟು ಆಮೇಲೆ ನಲ್ಲಿಯ ಮೇಲೆ ಒಣಗುತ್ತದೆ. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಾರೆ; ಹಾಗಾಗಿ ನಾನು ಇವತ್ತು ಬೆಳಿಗ್ಗೆ ಮುಖ ತೊಳೆದ ಸೋಪಿನಲ್ಲಿ, ತಾತ್ವಿಕವಾಗಿ, ಎರಡನೇ ಕ್ಲಾಸಿನಲ್ಲಿ ಮುಖ ತೊಳೆದ ಸೋಪಿನ ಅಂಶವೂ ಇರಬೇಕು. ಅಪ್ಪನ ಬನಿಯನ್ನು ಮೊದಲು ಬನಿಯನ್ನು, ಆಮೇಲೆ ಒಲೆ ಒರೆಸುವ ಬಟ್ಟೆ, ಕೊನೆಗೆ ಸ್ಕೂಟರ್ ಒರೆಸುವ ಬಟ್ಟೆ. ನಾನು ಗೆದ್ದು ತಂದ ಕಪ್ಪುಗಳಲ್ಲಿ ಒಂದರಲ್ಲಿ ಸೇಫ್ಟಿಪಿನ್ನುಗಳಿವೆ, ದೊಡ್ಡದರಲ್ಲಿ ಹುಣಸೆಬೀಜ. ಹುಣಸೆಬೀಜ ಯಾಕೆ ಎಂದು ಕೇಳಿದ್ದೇನೆ. "ಇರ್ಲಿ ಬುಡು" ಎಂಬ ಉತ್ತರ ಬಂದಿದೆ. ಈ ಉತ್ತರಕ್ಕೆ ಪ್ರತಿವಾದ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮದುವೆ ಕಾರ್ಡುಗಳದ್ದೇ ಒಂದು ಕಥೆ. ನಮ್ಮ ಮನೆಯಲ್ಲಿ ಬಿಳಿ ಹಾಳೆ ಕೊಂಡ ನೆನಪು ನನಗಿಲ್ಲ. ಬಂದ ಮದುವೆ ಕಾರ್ಡುಗಳನ್ನೆಲ್ಲ ಅಪ್ಪ ಸೈಜಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಾನೆ. ಅವುಗಳ ಹಿಂಭಾಗವೇ ನಮ್ಮ ನೋಟ್‌ಬುಕ್ಕು. ಅಂತರಕಾಲೇಜು ಸ್ಪರ್ಧೆಯ ಕೊನೆಯ ಸುತ್ತಿಗೂ ನಾನು ಅಂಥದೇ ಕಾರ್ಡಿನ ಹಿಂದೆ ಅಂಶಗಳನ್ನು ಬರೆದುಕೊಂಡು ಹೋಗಿದ್ದೆ. ವಿಷಯ, ದುಂದುವೆಚ್ಚದ ಮದುವೆಗಳನ್ನು ಕಾನೂನಿನಿಂದ ನಿಷೇಧಿಸಬೇಕು. ನಾನು ಪರ. ಕೈಯೆತ್ತಿ ಆವೇಶದಿಂದ ಮಾತಾಡುತ್ತಿದ್ದಾಗ ತೀರ್ಪುಗಾರರಿಗೆ ನನ್ನ ಕೈಯಲ್ಲಿ ಕಾಣುತ್ತಿದ್ದದ್ದು ಬಂಗಾರದ ಬಣ್ಣದ ಗಣಪತಿ, ಕೆಳಗೆ "ತಮ್ಮ ಆಗಮನಾಭಿಲಾಷಿಗಳು". ಅವರಲ್ಲೊಬ್ಬರು ಆಮೇಲೆ ಕರೆದು, "ಮುಹೂರ್ತ ಎಷ್ಟೊತ್ತಿಗಮ್ಮ?" ಎಂದು ಕೇಳಿದರು. ಎರಡನೇ ಬಹುಮಾನ ಬಂತು. ಹುಣಸೆಬೀಜ ಇರುವುದು ಅದರಲ್ಲೇ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕೆರಳಿಸುತ್ತಿದ್ದದ್ದು ಬೈಟು. ಹೋಟೆಲಿನಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಳ್ಳುವುದಕ್ಕೆ ಬೆಂಗಳೂರೆಲ್ಲ ಬೈಟು ಎನ್ನುತ್ತದೆ. ಅಪ್ಪ ಅಮ್ಮ ಅದನ್ನು ಕಾಫಿಗೆ ನಿಲ್ಲಿಸಲಿಲ್ಲ. ಬಾಳೆಹಣ್ಣು ಬೈಟು, ಬನ್ನು ಬೈಟು, ಊದುಬತ್ತಿ ಬೈಟು: ಅರ್ಧ ಬೆಳಿಗ್ಗೆಯ ದೇವರಿಗೆ, ಅರ್ಧ ಸಂಜೆಯ ದೇವರಿಗೆ. ಅಪ್ಪನಿಗೆ ಒಂದು ಇಡೀ ಬಿಸ್ಕತ್ತು ತಿನ್ನಲು ಬರುವುದೇ ಇಲ್ಲ. ಮುರಿದು ಇನ್ನೊಂದು ಅರ್ಧವನ್ನು ಪಕ್ಕಕ್ಕೆ ಚಾಚುತ್ತಾನೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಕೈ ಸ್ವಲ್ಪ ಹೊತ್ತು ಹಾಗೇ ಇರುತ್ತದೆ, ಆಮೇಲೆ ವಾಪಸ್ ಬರುತ್ತದೆ. ಅವನು ತಮ್ಮನ ಜೊತೆ ಬೆಳೆದವನು. ಅವರ ತಾಯಿ ಒಂದು ಕಾನೂನು ಮಾಡಿದ್ದಳಂತೆ: ಮುರಿದವನು ಆಮೇಲೆ ತೆಗೆದುಕೊಳ್ಳಬೇಕು. ಯಾವ ಚೂರು ದೊಡ್ಡದು ಎಂದು ಜಗಳವಾಗದಿರಲು ಅದು. ಚಿಕ್ಕಪ್ಪ ಈಗ ಅಬ್ಬಿಗೆರೆಯಲ್ಲಿ ಮನೆ ಕಟ್ಟಿಸಿಕೊಂಡು ಸುಖವಾಗಿದ್ದಾನೆ, ಆದರೆ ಕಾನೂನು ಜಕ್ಕೂರಿನಲ್ಲಿ ಇನ್ನೂ ಜಾರಿಯಲ್ಲಿದೆ.

"ನಿಂಗೆ ಇಡೀ ಬಿಸ್ಕತ್ ತಿನ್ನೋ ಹಕ್ಕಿದೆ ಕಣಪ್ಪ," ಎಂದು ಒಮ್ಮೆ ಹೇಳಿದೆ.

"ಅಕ್ಕೈತೆ. ಅಭ್ಯಾಸ ಇಲ್ವಲ್ಲ," ಎಂದ ಅಪ್ಪ.

ಎರಡು ವರ್ಷದ ಹಿಂದೆ ಇಬ್ಬರಿಗೂ ಬಿ.ಪಿ. ಬಂತು. ಅದೂ ಒಟ್ಟಿಗೇ ಬಂತು, ಅಥವಾ ಊರೊಳಗಿನ ಕ್ಲಿನಿಕ್ಕಿಗೆ ಒಟ್ಟಿಗೇ ಹೋದದ್ದರಿಂದ ಒಟ್ಟಿಗೇ ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕೆಲವು ತಿಂಗಳಾದ ಮೇಲೆ ನೋಡಿ, "ಇನ್ನೂ ಇಳಿದಿಲ್ಲ, ಸ್ವಲ್ಪ ಜಾಸ್ತಿದು ಕೊಡ್ತೀನಿ," ಎಂದರಂತೆ. ಮತ್ತೆ ಕೆಲವು ತಿಂಗಳಿಗೆ ಇನ್ನೂ ಸ್ವಲ್ಪ ಜಾಸ್ತಿದು. ಆ ಮೂರನೆಯ ಮಾತ್ರೆ ಹಿಡಿಸಿತು. ಹೋದ ತಿಂಗಳು ಇಬ್ಬರದ್ದೂ ಸರಿಯಾಗಿದೆ ಎಂದು ಹೇಳಿ ಕಳುಹಿಸಿದರು. ನಾನು ಇಷ್ಟನ್ನೂ ಆಗಾಗ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು, ಹೂಂ ಎಂದು, ಫೋನು ನೋಡುತ್ತಿದ್ದೆ.

ಆ ಶನಿವಾರ ನನಗೆ ಆಫೀಸಿಗೆ ರಜೆ. ರಾತ್ರಿ ಉಳಿದ ಇಡ್ಲಿಯನ್ನು ಪುಡಿಮಾಡಿ ಅಮ್ಮ ಉಪ್ಪಿಟ್ಟು ಮಾಡಿದ್ದಳು. ತಿಂದಾದ ಮೇಲೆ ಅಡುಗೆಮನೆಯಿಂದ ಅಡಕತ್ತರಿ ತಂದು ಮೇಜಿನ ಮೇಲಿಟ್ಟಳು. ಅಜ್ಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಎಲೆ ಅಡಿಕೆ ಹಾಕುವವರಿಲ್ಲ.

"ಅದ್ಯಾಕಮ್ಮ?" ಎಂದೆ.

"ಮಾತ್ರೆಗೆ."

ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಒತ್ತಿ ತೆಗೆದಳು. ಅಡಕತ್ತರಿಯ ಬಾಯಿಗಿಟ್ಟು ಟಕ್ ಎನಿಸಿದಳು. ಎರಡು ಚೂರಾಯಿತು. ಎರಡನ್ನೂ ನೋಡಿ ಒಂದನ್ನು ಅಪ್ಪನ ಕಡೆ ತಳ್ಳಿದಳು. ಅಪ್ಪ ಅದನ್ನು ವಾಪಸ್ ಅವಳ ಕಡೆ ತಳ್ಳಿ ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದ.

"ಯಾರ್ದಿದು ಮಾತ್ರೆ?"

"ಇಬ್ರುದೂವೆ," ಎಂದಳು ಅಮ್ಮ.

"ಇಬ್ಬರಿಗೂ ಒಂದೇ ಮಾತ್ರೆನಾ?"

"ಊಂ ಕಣಮ್ಮಿ, ಒಂದೇ ಮಾತ್ರೆ. ಡಾಕ್ಟ್ರೇ ಏಳಿದ್ದು, ನಿಮ್ಮಿಬ್ರಿಗೂ ಒಂದೇ ಮಾತ್ರೆ ಅಂತ."

ನಾನು ತಟ್ಟೆ ಪಕ್ಕಕ್ಕಿಟ್ಟೆ. ಚರ್ಚೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಪದಗಳ ಅರ್ಥ ನಿಗದಿಪಡಿಸುವುದು. ಇದನ್ನು ನಾನು ಜೂನಿಯರ್‌ಗಳಿಗೆ ಹೇಳಿಕೊಟ್ಟಿದ್ದೇನೆ. ಎರಡು ವರ್ಷದಿಂದ ನನ್ನ ಮನೆಯ ಊಟದ ಮೇಜಿನ ಮೇಲೆ ಒಂದು ಪದ ಬಿದ್ದುಕೊಂಡಿತ್ತು, ನಾನು ನೋಡಿರಲಿಲ್ಲ.

"ಒಂದೇ ಅಂದ್ರೆ ಒಂದೇ ಥರದ್ದು ಅಂತಮ್ಮ! ಒಂದನ್ನ ಇಬ್ಬರು ಹಂಚ್ಕೊಳ್ಳಿ ಅಂತಲ್ಲ."

"ಒಂದೇ ಅಂದ್ರೆ ಒಂದು," ಎಂದ ಅಪ್ಪ. "ಎಲ್ಡಾಗಿದ್ರೆ ಎಲ್ಡು ಅಂತಿದ್ರು."

"ಅಪ್ಪ, ನಮ್ಮನೇಲೂ ಮೇಲ್ಗಡೆ ಮನೇಲೂ ಒಂದೇ ಟೀವಿ ಅಂದ್ರೆ ಏನರ್ಥ? ಎರಡು ಮನೆಯವರೂ ಒಂದೇ ಟೀವಿ ಮುಂದೆ ಕೂತ್ಕೊಂಡು ನೋಡ್ತಾರೆ ಅಂತನಾ?"

"ಅಂಗೇ ನೋಡ್ತಿದ್ದಿದ್ದು ನಾವು. ಇಡೀ ಬೀದಿಗೆ ಒಂದೇ ಟೀವಿ."

ಒಳ್ಳೆಯ ಉದಾಹರಣೆ ಕೊಟ್ಟು ಸೋತೆ. ದಾಖಲೆ ಕೇಳಿದೆ. ಅಮ್ಮ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದಳು, ಯಾವುದೋ ಸೀರೆಯ ಜೊತೆ ಬಂದದ್ದು. ಅದರೊಳಗೆ ಡಾಕ್ಟರ ಚೀಟಿಗಳು. ಪ್ರತಿ ಸಲವೂ ಎರಡೆರಡು ಚೀಟಿ, ಒಂದು ಅಪ್ಪನ ಹೆಸರಿಗೆ, ಒಂದು ಅಮ್ಮನ ಹೆಸರಿಗೆ. ಎರಡರಲ್ಲೂ ಅದೇ ಮಾತ್ರೆ, ಬೆಳಿಗ್ಗೆ ಒಂದು. ಅಪ್ಪನ ಚೀಟಿಗಳ ಮೇಲೆ ಮೆಡಿಕಲ್ ಅಂಗಡಿಯ ಮುದ್ರೆ ಇತ್ತು. ಅಮ್ಮನ ಚೀಟಿಗಳ ಹಿಂದೆ ಕಡಲೆಬೇಳೆ, ಮೆಂತ್ಯ, ಪಾತ್ರೆ ತಿಕ್ಕೋ ನಾರು ಎಂದು ಬರೆದಿತ್ತು.

"ಇದನ್ನ ಯಾಕಮ್ಮ ಅಂಗಡೀಲಿ ತೋರಿಸ್ಲಿಲ್ಲ?"

"ಎಲ್ಡ್ರಲ್ಲೂ ಅದೇ ಬರ್ದವ್ರೆ. ಬರ್ದಿದ್ದನ್ನೇ ಇನ್ನೊಂದ್ಸಲ ತತ್ತಾರಾ ಯಾರಾದ್ರೂವೆ?"

ಇಲ್ಲಿಂದ ಮುಂದೆ ನಾನು ತುಂಬ ಚೆನ್ನಾಗಿ ಮಾತಾಡಿದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಉಳಿತಾಯಕ್ಕೂ ಅಪಾಯಕ್ಕೂ ಇರುವ ಗಡಿ, ಔಷಧಿ ಎಂಬುದು ಬನ್ನಲ್ಲ ಎಂಬ ಅಂಶ, ಅಕಸ್ಮಾತ್ ಏನಾದರೂ ಆದರೆ ನನ್ನ ಗತಿಯೇನು ಎಂಬ ಭಾವನಾತ್ಮಕ ಅಂಶ, ಎಲ್ಲವನ್ನೂ ಕ್ರಮವಾಗಿ ಇಟ್ಟೆ. ಅಮ್ಮ ಒಂದೇ ಒಂದು ಮಾತು ಎತ್ತಿದಳು.

"ಓದ್ ತಿಂಗ್ಳು ಡಾಕ್ಟ್ರು ನೋಡಿ ಎಲ್ಲಾ ಸರ್ಯಾಗೈತೆ ಅಂದ್ರಲ್ಲಮ್ಮಿ. ಅರ್ಧಕ್ಕೇ ಸರಿ ಓಗೈತಲ್ಲ?"

"ಅದು ಕಾಕತಾಳೀಯ," ಎಂದೆ.

ಅಮ್ಮನಿಗೆ ಆ ಪದ ಗೊತ್ತಿರಲಿಲ್ಲ. ನನ್ನ ಗೆಲುವಿನಲ್ಲಿ ಅದರ ಪಾಲೂ ಇದೆ. ಅಪ್ಪ ಅಮ್ಮನ ಮುಖ ನೋಡಿದ, ಅಮ್ಮ ಅಡಕತ್ತರಿ ಎತ್ತಿಕೊಂಡು ಒಳಗೆ ಹೋದಳು. "ಓದಿರೋಳು ಏಳ್ತಾವ್ಳೆ," ಎಂದ ಅಪ್ಪ. ನಾನು ಆವತ್ತೇ ಮೆಡಿಕಲ್‌ಗೆ ಹೋಗಿ ಅಮ್ಮನ ಚೀಟಿಯ ಮಾತ್ರೆಯನ್ನೂ ತಂದೆ. ಅಂಗಡಿಯವನು ಚೀಟಿಯ ಹಿಂದೆ ನೋಡಿ, "ಮೆಂತ್ಯ ನಮ್ಮಲ್ಲಿಲ್ಲ ಮೇಡಂ," ಎಂದ. ಭಾನುವಾರದಿಂದ ಇಬ್ಬರೂ ನನ್ನ ಕಣ್ಣೆದುರಿಗೇ ಇಡೀ ಇಡೀ ಮಾತ್ರೆ ನುಂಗಿದರು. ಅಪ್ಪ ಮೊದಲ ದಿನ ತನ್ನ ಮಾತ್ರೆಯನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದ. ದೊಡ್ಡದಾಯಿತೇನೋ ಅನ್ನುವ ಹಾಗಿತ್ತು ಅವನ ಮುಖ.

ಮಂಗಳವಾರ ಬೆಳಿಗ್ಗೆ ನಾನು ಬಸ್ಸಿನಲ್ಲಿ ಹೆಬ್ಬಾಳದ ಫ್ಲೈಓವರಿನ ಮೇಲಿದ್ದೆ, ಅಂದರೆ ನಿಂತಿದ್ದೆ, ಬಸ್ಸೂ ನಿಂತಿತ್ತು. ಅಪ್ಪನ ಫೋನು ಬಂತು. ಅಪ್ಪ ಯಾವತ್ತೂ ಪೂರ್ತಿ ಫೋನು ಮಾಡುವುದಿಲ್ಲ. ಎಷ್ಟು ಮಾತಾಡಿದರೂ ಅಷ್ಟೇ ದುಡ್ಡು ಎಂದು ಸಾವಿರ ಸಲ ಹೇಳಿದ ಮೇಲೂ ಮಿಸ್ ಕಾಲ್ ಕೊಡುತ್ತಾನೆ. ಒಂದು ರಿಂಗು ಎಂದರೆ ಬರುವಾಗ ಕೊತ್ತಂಬರಿ ತಾ. ಎರಡು ಎಂದರೆ ವಾಪಸ್ ಮಾಡು. ಆವತ್ತು ಮೂರನೆಯದು ಬಡಿಯಿತು, ನಾಲ್ಕನೆಯದು ಬಡಿಯಿತು, ನಿಲ್ಲಲಿಲ್ಲ. ತಕ್ಷಣ ಎತ್ತಿದೆ.

"ಅಮ್ಮ ಬಿದ್ಬುಟ್ಲು ಕಣಮ್ಮಿ. ನಂಗೂ ಒಂಥರಾ ತಲೆ ಸುತ್ತುತೈತೆ. ಗೋಡೆ ಇಡ್ಕೊಂಡ್ ನಿಂತಿವ್ನಿ."

ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆ ದಾಟಿ, ಆಟೋ ಹತ್ತಿದೆ. ದಾರಿಯುದ್ದಕ್ಕೂ ಬೇರೆ ಬೇರೆ ಕಾರಣಗಳನ್ನು ಯೋಚಿಸಿದೆ. ತಿಂಡಿ ತಿಂದಿರಲಿಕ್ಕಿಲ್ಲ. ನೆಲ ಒದ್ದೆಯಿದ್ದಿರಬಹುದು. ಪ್ರತಿ ಕಾರಣಕ್ಕೂ ನನ್ನೊಳಗಿನ ಎದುರಾಳಿ, ಇಬ್ಬರಿಗೂ ಒಟ್ಟಿಗೇ ಹೇಗೆ, ಎಂದು ಕೇಳುತ್ತಿದ್ದಳು. ಅರ್ಧ ಮಾತ್ರೆ ತಿಂದವರ ಬಿ.ಪಿ. ನೋಡಿಕೊಂಡು ಡಾಕ್ಟರು ಮಾತ್ರೆಯನ್ನು ಎರಡು ಸಲ ಏರಿಸಿದ್ದರು. ಏರಿಸಿದ ಮಾತ್ರೆಯ ಅರ್ಧ ಸರಿಹೋಗಿತ್ತು. ನಾನು ಬಂದು ಆ ಏರಿಸಿದ ಮಾತ್ರೆಯನ್ನು ಇಡಿಯಾಗಿ ತಿನ್ನಿಸಿದ್ದೆ. ಅಮ್ಮ ಎತ್ತಿದ್ದ ಒಂದೇ ಒಂದು ಮಾತಿನೊಳಗೆ ಇದೆಲ್ಲ ಇತ್ತು. ಕಾಕತಾಳೀಯ ಎಂದಿದ್ದೆ.

ಮನೆಯಲ್ಲಿ ಅಮ್ಮ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಮೇಲಿನ ಮನೆಯ ಹೆಂಗಸು ಪಕ್ಕದಲ್ಲಿ ನೀರು ಹಿಡಿದು ನಿಂತಿದ್ದರು. ಅಮ್ಮನ ಮುಖ ಬೆಳ್ಳಗಾಗಿತ್ತು, ಮೊಣಕೈ ತರಚಿತ್ತು. ಹಾಲಿನ ಪಾತ್ರೆ ಅವಳ ಮಡಿಲಲ್ಲಿತ್ತು.

"ಆಲು ಚೆಲ್ಲಿಲ್ಲ," ಎಂದಳು ನನ್ನನ್ನು ನೋಡಿ.

ಬೀಳುವಾಗ ಕೈಯೂರಿಕೊಳ್ಳುವ ಬದಲು ಪಾತ್ರೆ ಹಿಡಿದುಕೊಂಡಿದ್ದಳು. ಇದರ ಬಗ್ಗೆ ನನಗೆ ಹೇಳಲಿಕ್ಕೆ ಬಹಳವಿತ್ತು. ಪಾತ್ರೆ ತೆಗೆದು ಮೇಲಿಟ್ಟೆ. ಇಡುವಾಗ ಸ್ವಲ್ಪ ಚೆಲ್ಲಿತು. ಅಮ್ಮ ಅದನ್ನು ನೋಡಿದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಇಬ್ಬರ ಬಿ.ಪಿ.ಯನ್ನೂ ನೋಡಿದರು. ಮತ್ತೊಮ್ಮೆ ನೋಡಿದರು. ತೀರಾ ಇಳಿದಿತ್ತು. ಅಮ್ಮನನ್ನು ಮಲಗಿಸಿ ಕಾಲು ಎತ್ತರಕ್ಕಿಟ್ಟರು.

"ಹೋದ ತಿಂಗಳು ಸರಿಯಾಗೇ ಇತ್ತಲ್ಲ. ಏನಾದ್ರೂ ಬದಲಾಯಿಸಿದ್ರಾ?"

ಅಪ್ಪ ನನ್ನ ಕಡೆ ನೋಡಿ, "ಏನಿಲ್ಲ ಸಾರ್. ನಮ್ ಮಗಳು ವಾದ ಮಾಡಿ ಗೆದ್ಲು," ಎಂದ.

ನಾನೇ ಎಲ್ಲ ಹೇಳಿದೆ. ಬೈಟು, ಅಡಕತ್ತರಿ, ಚೀಟಿ, ಒಂದೇ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಅವರು ನಗಲಿಲ್ಲ. "ನಾನು ಯಾರ ಬಿ.ಪಿ.ಗೆ ಇಷ್ಟು ದಿನ ಔಷಧಿ ಏರಿಸ್ತಿದ್ದೆ ಹಾಗಾದ್ರೆ?" ಎಂದರು. ಆಮೇಲೆ ಅಪ್ಪ ಅಮ್ಮನಿಗೆ ಚೆನ್ನಾಗಿ ಬೈದರು: ಏನು ಮಾಡಿದರೂ ನನಗೆ ಹೇಳಿ ಮಾಡಿ. ಅದೇ ವಾಕ್ಯವನ್ನು ನನ್ನ ಕಡೆ ತಿರುಗಿ ಇನ್ನೊಂದು ಸಲ ಹೇಳಿದರು. ಒಂದೇ ವಾಕ್ಯ, ಎರಡೂ ಪಕ್ಷಕ್ಕೆ.

"ಇವತ್ತು ನಾಳೆ ಇಬ್ಬರೂ ಮಾತ್ರೆ ಮುಟ್ಟಬೇಡಿ. ನಾಡಿದ್ದಿಂದ ಒಂದು ವಾರ ಇದೇ ಮಾತ್ರೆ ಅರ್ಧರ್ಧ. ದಿನಾ ಬಿ.ಪಿ. ನೋಡಿ ಬರೆದಿಡಿ, ತಂದು ತೋರಿಸಿ."

"ಅರ್ಧರ್ಧ?" ಎಂದೆ.

"ಅರ್ಧರ್ಧ. ನಡುವೆ ಗೆರೆ ಇದೆ, ಕೈಯಲ್ಲೇ ಮುರಿಯುತ್ತೆ. ಅಡಕತ್ತರಿ ಬೇಡ."

ಮಲಗಿದ್ದಲ್ಲಿಂದ ಅಮ್ಮ ನನ್ನನ್ನು ನೋಡಿದಳು. ಅವಳು ಗೆದ್ದ ಮುಖ ಮಾಡಲಿಲ್ಲ. ಅವಳಿಗೆ ಆ ಮುಖ ಮಾಡಲು ಬರುವುದಿಲ್ಲ. "ಇಡೀದು ತಿಂದ್ರೆ ನಂಗ್ ಒಗ್ಗಲ್ಲಾ ಅಂತ ಕಾಣ್ತೈತೆ," ಎಂದಳು, ನನ್ನ ಪರವಾಗಿ ಏನೋ ಒಂದು ಸಮಜಾಯಿಷಿ ಕೊಡುವ ಹಾಗೆ.

ಆ ವಾರ ಮಾತ್ರೆ ಮುರಿಯುವ ಕೆಲಸ ನನ್ನದಾಯಿತು. ಗೆರೆಯಿದ್ದರೂ ಅದು ಸಮನಾಗಿ ಮುರಿಯುವುದಿಲ್ಲ. ಮೊದಲ ದಿನ ಎರಡು ಚೂರುಗಳನ್ನೂ ತಟ್ಟೆಯಲ್ಲಿಟ್ಟು ಮುಂದಿಟ್ಟೆ. ಅಪ್ಪ ಕೂದಲೆಳೆಯಷ್ಟು ದೊಡ್ಡದಿದ್ದ ಚೂರನ್ನು ಅಮ್ಮನ ಕಡೆ ತಳ್ಳಿದ. ಅಮ್ಮ ಅದನ್ನು ಅಪ್ಪನ ಕಡೆ ತಳ್ಳಿದಳು. ಎರಡು ವರ್ಷದಿಂದ ಇದು ಹೀಗೇ ನಡೆದಿತ್ತು ಎಂಬುದು ನನಗೆ ಆಗ ಅರ್ಥವಾಯಿತು. ದೊಡ್ಡ ಚೂರು ಒಳ್ಳೆಯ ಚೂರು ಎಂದುಕೊಂಡಿದ್ದರು ಇಬ್ಬರೂ. ಇನ್ನೊಬ್ಬರಿಗೆ ಹೋಗಲಿ ಎಂದು ಇಬ್ಬರೂ ತಳ್ಳುತ್ತಿದ್ದರು.

"ಇದು ಬರ್ಫಿ ಅಲ್ಲ," ಎಂದೆ. "ದೊಡ್ಡದು ಸಿಕ್ಕಿದ್ರೆ ಲಾಭ ಏನಿಲ್ಲ."

"ಮುರ್ದೋಳು ಮಾತಾಡಂಗಿಲ್ಲ," ಎಂದ ಅಪ್ಪ. "ಮುರ್ದೋರು ಆಮೇಕೆ."

ಅವರು ತಳ್ಳಾಡಿ ಮುಗಿಸಿ ನುಂಗಿದರು. ಅಪ್ಪ ಒಂದು ಬಿಸ್ಕತ್ತು ಮುರಿದು ಅರ್ಧವನ್ನು ನನ್ನ ಕಡೆ ಚಾಚಿದ. ನಾನು ತಿಂದೆ. ಇಡೀ ಬಿಸ್ಕತ್ತಿನ ಹಕ್ಕಿನ ಬಗ್ಗೆ ಆವತ್ತು ಏನೂ ಹೇಳಲಿಲ್ಲ, ನನ್ನ ನಿಲುವು ಮಾತ್ರ ಬದಲಾಗಿಲ್ಲ.

ಮೇಲಿನ ಮನೆಯವರ ಹತ್ತಿರ ಬಿ.ಪಿ. ಮಿಷನ್ ಇತ್ತು. ಒಂದು ಮನೆಯಲ್ಲಿರುವಾಗ ಇನ್ನೊಂದು ಯಾಕೆ ಎಂದು ಅಪ್ಪ ಅದನ್ನೇ ದಿನಾ ತಂದ. ನಾನು ಬೆಳಿಗ್ಗೆ ಸಂಜೆ ಇಬ್ಬರದ್ದೂ ನೋಡಿ ಬರೆದೆ. ಬರೆಯಲು ಕಾಗದ ಕೇಳಿದಾಗ ಅಪ್ಪ ರಬ್ಬರ್ ಬ್ಯಾಂಡ್ ಬಿಚ್ಚಿ, ಇಸ್ಪೀಟು ಹಾಸುವ ಹಾಗೆ ಕಾರ್ಡುಗಳನ್ನು ಹರಡಿ, ದೊಡ್ಡ ಸೈಜಿನದೇ ಒಂದು ಆರಿಸಿಕೊಟ್ಟ. ದಿನ ದಿನಕ್ಕೆ ಅಂಕಿಗಳು ತಮ್ಮ ಜಾಗಕ್ಕೆ ಬಂದವು. ಅಮ್ಮನ ಮುಖಕ್ಕೆ ಬಣ್ಣ ಬಂತು. ಭಾನುವಾರವೋ ಸೋಮವಾರವೋ ನಾನು ಹಾಲಿನ ಪ್ಯಾಕೆಟ್ಟಿಗೆ ನೀರು ಹಾಕಿ ಕುಲುಕದೆ ಎಸೆದದ್ದಕ್ಕೆ ಅವಳು ಬೈದಾಗ ನನಗೆ ಧೈರ್ಯ ಬಂತು.

ವಾರ ಕಳೆದು ಮೂವರೂ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಕಾರ್ಡು ಕೈಗೆ ತೆಗೆದುಕೊಂಡು, "ಯಾರ ಮದುವೆ?" ಎಂದರು. ತಿರುಗಿಸಿ ನೋಡಿ ಎಂದೆ. ತಿರುಗಿಸಿ ನೋಡಿದರು. ಅಂಕಿಗಳ ಮೇಲೆ ಪೆನ್ನು ಆಡಿಸುತ್ತ ಕೆಳಗಿನವರೆಗೂ ಓದಿದರು.

"ಸರಿಯಾಗಿದೆ. ಇನ್ನು ಮುರಿಯೋ ಕೆಲಸ ಬೇಡ. ಇದರ ಅರ್ಧದಷ್ಟೇ ಇರೋ ಮಾತ್ರೆ ಬರೆದುಕೊಡ್ತೀನಿ. ಅದನ್ನ ಇಡಿಯಾಗಿ ತಗೋಬೇಕು."

ಅಮ್ಮ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. "ಅಂದ್ರೆ ಸಾರ್, ನಮ್ಮಿಬ್ರಿಗೂ ಒಂದೇ ಮಾತ್ರೆ?"

"ಹೌದಮ್ಮ, ಒಂ..."

ನಾನು ಕೈ ಎತ್ತಿದೆ. ಮಧ್ಯಪ್ರವೇಶ ಮಾಡಲು ಕಲಿಸಿಕೊಟ್ಟಂತೆಯೇ, ಮೊಣಕೈ ನೇರವಾಗಿ.

"ಎರಡು ಸಾರ್," ಎಂದೆ. "ಎರಡು ಅನ್ನಿ."

ಡಾಕ್ಟರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. "ಎರಡು," ಎಂದರು. "ನಿಮಗೊಂದು. ಅವರಿಗೊಂದು. ದಿನಾ ಎರಡು ಮಾತ್ರೆ ಖರ್ಚಾಗಬೇಕು ನಿಮ್ಮನೇಲಿ."

ಖರ್ಚು ಎಂಬ ಪದಕ್ಕೆ ಅಮ್ಮನ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಆದರೆ ತಲೆಯಾಡಿಸಿದಳು. ಡಾಕ್ಟರು ಎರಡು ಚೀಟಿ ಬರೆದರು, ಎರಡರ ಮೇಲೂ ಅಂಕಿಯ ಪಕ್ಕ ಅಕ್ಷರದಲ್ಲೂ ಬರೆದು, ಅಡಿಗೆರೆ ಎಳೆದು ಕೊಟ್ಟರು. ಅಪ್ಪನದ್ದನ್ನು ನಾನು ಇಸಿದುಕೊಂಡೆ. ಅಮ್ಮನದ್ದನ್ನು ನನಗೆ ಕೊಡುವ ಮೊದಲು ಅಪ್ಪ ತಿರುಗಿಸಿ ಹಿಂಭಾಗ ನೋಡಿದ.

"ಇಂದ್ಗಡೆ ಖಾಲಿ ಐತೆ," ಎಂದ ಅಮ್ಮನಿಗೆ.

"ಮೊದ್ಲು ಮಾತ್ರೆ ತರ್ಲಿ," ಎಂದಳು ಅಮ್ಮ. "ಆಮೇಲ್ ಬರ್ಯಾವ."